ಕಡಲ ತಳಕ್ಕೆ ಕಿವಿಗೊಟ್ಟ ಎಸ್. ಆರ್. ರಾವ್

ಕಡೂರು ದಾಟಿ ಬೀರೂರು ಬಂದ ಮೇಲೆ ರೈಲು ಹಳಿ ಎರಡು ದಾರಿ ಹಿಡಿಯುತ್ತದೆ. ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ. ಅಲ್ಲಿಂದ ಬಸ್ಸು ಹತ್ತಿದರೆ ಶಿಕಾರಿಪುರ. ಸುತ್ತಮುತ್ತ ಎಲ್ಲೂ ಕಡಲಿಲ್ಲದ ಆ ಊರನ್ನು ಹೆಸರಲ್ಲೇ ಇಟ್ಟುಕೊಂಡಿದ್ದ ಶಿಕಾರಿಪುರ ರಂಗನಾಥ ರಾವ್ ನಮ್ಮ ದೇಶದ ಕಡಲ ಪುರಾತತ್ವಕ್ಕೆ ಅಡಿಪಾಯ ಹಾಕಿದವರು.

ಹುಟ್ಟಿದ್ದು 1922ರ ಜುಲೈ 1ರಂದು. ಓದಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣಕ್ಕೆ ಸೇರಿದರು. ದೇಶ ವಿಭಜನೆಯಲ್ಲಿ ಹರಪ್ಪ, ಮೊಹೆಂಜೊದಾರೊ ಎರಡೂ ಪಾಕಿಸ್ತಾನಕ್ಕೆ ಹೋಗಿದ್ದವು. ಆ ನಾಗರಿಕತೆಯ ಊರುಗಳು ಈ ಕಡೆ ಏನಾದರೂ ಇವೆಯಾ ಅಂತ ಹುಡುಕುತ್ತಾ 1954ರಲ್ಲಿ ಗುಜರಾತಿನ ಲೋಥಲ್ ಪತ್ತೆ ಮಾಡಿದರು. ಅಗೆದಾಗ ಸಿಕ್ಕಿದ್ದು ಸುಟ್ಟ ಇಟ್ಟಿಗೆಯ, 200 ಮೀಟರಿಗೂ ಉದ್ದದ ದೊಡ್ಡ ಕಟ್ಟೆ. ರಾವ್ ಅದನ್ನು ಹಡಗುಕಟ್ಟೆ ಎಂದರು. ಅಲ್ಲ, ಅದು ನೀರಿನ ಕೆರೆ ಎಂದರು ಕೆಲವು ವಿದ್ವಾಂಸರು.

ಈ ಜಗಳ ನಮ್ಮ ಸೀಮೆಯವರಿಗೆ ಚೆನ್ನಾಗಿ ಅರ್ಥವಾಗುತ್ತೆ. ಮದಗದ ಕೆರೆ, ಅಯ್ಯನಕೆರೆ ನೋಡಿ ಬೆಳೆದವರಿಗೆ ತೂಬು, ಕೋಡಿ ಹೊಸದೇನಲ್ಲ. ಲೋಥಲಿನಲ್ಲೂ ನೀರು ಬರುವ ದಾರಿಯಿದೆ, ಹೆಚ್ಚಾದ ನೀರು ಹೋಗುವ ಕಂಡಿಯಿದೆ. ಆಕಾರ ನೋಡಿದರೆ ಎರಡೂ ಆಗಬಹುದು. ಹಾಗಾಗಿ ರಾವ್ ತಮ್ಮ ವಾದವನ್ನು ಆಕಾರದ ಮೇಲಷ್ಟೇ ನಿಲ್ಲಿಸಲಿಲ್ಲ. ರಂಧ್ರವಿದ್ದ ಲಂಗರು ಕಲ್ಲುಗಳನ್ನು, ಊರಲ್ಲಿ ಸಿಕ್ಕ ಪರ್ಷಿಯನ್ ಕೊಲ್ಲಿಯ ಮುದ್ರೆಯನ್ನು ಮುಂದಿಟ್ಟರು.

1981ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವದ ಕೆಲಸ ಶುರುವಾಯಿತು. ಅದರ ಮುಂದಾಳು ರಾವ್. ವಯಸ್ಸು ಅರವತ್ತರ ಹತ್ತಿರ. ಬೇರೆಯವರು ಪೆನ್ಷನ್ ಲೆಕ್ಕ ಹಾಕುವ ಹೊತ್ತು. ದ್ವಾರಕೆಯ ಕಡಲನ್ನು ಹುಡುಕಬೇಕಿತ್ತು. ಕಲಕಿದ ನೀರಲ್ಲಿ ಮುಳುಗುಗಾರನಿಗೆ ಕಾಣುವುದೇ ಕಡಿಮೆ, ಇಡೀ ತಳವನ್ನು ಕೈಯಲ್ಲಿ ತಡಕಲು ಆಗಲ್ಲ. ಅಲ್ಲಿ ನೆರವಿಗೆ ಬಂದದ್ದು ಸದ್ದು.

ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತೆ. ಕಳಿಸಿದ ಸದ್ದು 20 ಮಿಲಿಸೆಕೆಂಡಿಗೆ ವಾಪಸ್ ಬಂದರೆ ತಳ 15 ಮೀಟರ್ ಕೆಳಗಿದೆ. ಇದು ಎಕೋ ಸೌಂಡರ್. ಜಲಾಶಯಗಳ ಹೂಳು ಅಳೆಯುವುದಕ್ಕೂ ಇದನ್ನೇ ಬಳಸುತ್ತಾರೆ. ಸೈಡ್ ಸ್ಕ್ಯಾನ್ ಸೋನಾರ್ ಎರಡೂ ಪಕ್ಕಕ್ಕೆ ಸದ್ದು ಬೀಸಿ ತಳದ ಚಿತ್ರ ಕೊಡುತ್ತೆ. ಎದ್ದು ನಿಂತ ಕಲ್ಲಿನ ಹಿಂದೆ ನೆರಳು ಬೀಳುತ್ತೆ. ಹೂಳಿನೊಳಗೆ ಹುದುಗಿದ್ದು ಇದಕ್ಕೆ ಸಿಗಲ್ಲ. ಅದಕ್ಕೆ ಸಬ್ ಬಾಟಮ್ ಪ್ರೊಫೈಲರ್ ಬೇಕು. ಆವರ್ತನ ತಗ್ಗಿಸಿದಷ್ಟೂ ಸದ್ದು ಆಳಕ್ಕೆ ಇಳಿಯುತ್ತೆ, ಆದರೆ ಚಿತ್ರ ಮಸುಕಾಗುತ್ತೆ. ಸಿಗ್ನಲ್ಸ್ ಕ್ಲಾಸಿನ ಆ ಹಳೇ ಕೊಡುಕೊಳ್ಳುವಿಕೆ ಅಲ್ಲಿ ಕಡಲಡಿಯಲ್ಲಿ ಎದುರಾಗುತ್ತೆ.

ಯಂತ್ರ ಅನುಮಾನದ ಜಾಗ ತೋರಿಸಿದ ಮೇಲೆ ಮುಳುಗುಗಾರರು ಇಳಿಯಬೇಕು. ದ್ವಾರಕೆಯಲ್ಲಿ ಹಾಗೆ ಇಳಿದವರಿಗೆ ಕೆತ್ತಿದ ಕಲ್ಲುಗಳು, ಮೂರು ರಂಧ್ರದ ಲಂಗರುಗಳು ಸಿಕ್ಕವು. 1991ರಲ್ಲಿ ತಮಿಳುನಾಡಿನ ಪೂಂಪುಹಾರ್ ತೀರದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, 23 ಮೀಟರ್ ಆಳದಲ್ಲಿ ಸೋನಾರ್ ಕೆಲವು ವಸ್ತುಗಳನ್ನು ತೋರಿಸಿತು. ಮುಳುಗಿ ನೋಡಿದಾಗ ಅವುಗಳಲ್ಲೊಂದು ಕುದುರೆ ಲಾಳದ ಆಕಾರದ್ದು. ಮನುಷ್ಯರು ಕಟ್ಟಿದ್ದೋ ಪ್ರಕೃತಿಯದೋ ಎಂಬ ಚರ್ಚೆ ಮುಗಿದಿಲ್ಲ.

ದ್ವಾರಕೆಯ ಅವಶೇಷಗಳನ್ನು ರಾವ್ ಮಹಾಭಾರತದ ಕೃಷ್ಣನ ಪಟ್ಟಣಕ್ಕೆ ಜೋಡಿಸಿದರು, ಅದರ ಮೇಲೆ ಪುಸ್ತಕವನ್ನೂ ಬರೆದರು. ಆಮೇಲೆ ಅದೇ ಗೋವಾ ಸಂಸ್ಥೆಯ ಸಂಶೋಧಕರು, ಅಲ್ಲಿನ ಬಹುಪಾಲು ಕಲ್ಲು, ಲಂಗರುಗಳು ಅಷ್ಟು ಹಳೆಯವಲ್ಲ, ಚಾರಿತ್ರಿಕ ಕಾಲದ ಬಂದರಿನವು ಎಂದು ವಾದಿಸಿದರು. ಸಿಂಧೂ ಲಿಪಿಯನ್ನು ಓದಿದ್ದೇನೆಂಬ ರಾವ್ ಅವರ ಹೇಳಿಕೆಯನ್ನೂ ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ.

ಇದರಿಂದ ಅವರ ದೊಡ್ಡತನ ಕಡಿಮೆ ಆಗಲ್ಲ. ಸೋನಾರ್ ಕೊಡೋದು ಪ್ರತಿಧ್ವನಿ ಬಂದ ಹೊತ್ತು ಮತ್ತು ಅದರ ಬಲ, ಅಷ್ಟೇ. ಅದನ್ನು ಗೋಡೆ ಅನ್ನೋದು, ಊರು ಅನ್ನೋದು, ಇಂಥ ಕಾಲದ್ದು ಅನ್ನೋದು ಮನುಷ್ಯರ ತೀರ್ಮಾನ. ಅದನ್ನು ಮತ್ತೆ ಪರೀಕ್ಷಿಸಬಹುದು, ತಿದ್ದಬಹುದು. ಹಾಗೆ ತಿದ್ದಲು ಬೇಕಾದ ವಿಭಾಗ, ತಂಡ, ದಾಖಲೆ ಎಲ್ಲವನ್ನೂ ಕಟ್ಟಿಕೊಟ್ಟವರಲ್ಲಿ ಮೊದಲಿಗರು ರಾವ್ ಅವರೇ. 2013ರ ಜನವರಿ 3ರಂದು ತೊಂಬತ್ತನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.