ಡಾರ್ವಿನ್ ಮನೆಯ ಸೋಫಾ

ಡಾರ್ವಿನ್ ಅಂದ ತಕ್ಷಣ ನಮಗೆ ನೆನಪಾಗೋದು ಉದ್ದ ಬಿಳಿ ಗಡ್ಡ, ಮಂಗ, ಪಿಯುಸಿ ಬಯಾಲಜಿ. ಅವರು ಹತ್ತು ಮಕ್ಕಳ ಅಪ್ಪ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅದೂ ಎಂಥ ಅಪ್ಪ! ನಾಲ್ಕು ಜನ ಸೇರಿ ಮಾತಾಡಿದರೆ ಸಾಕು, ಮೈಗೆ ಹುಷಾರು ತಪ್ಪುತ್ತಿತ್ತು.

1838ರಲ್ಲಿ, ಬೀಗಲ್ ಹಡಗಿನಿಂದ ಬಂದು ಎರಡು ವರ್ಷ ಆಗಿದ್ದಾಗ, ಮದುವೆ ಆಗಬೇಕಾ ಬೇಡವಾ ಅಂತ ಒಂದು ಕಾಗದದಲ್ಲಿ ಎರಡು ಪಟ್ಟಿ ಬರೆದರು. ಸಂಜೆ ಓದೋಕೆ ಆಗಲ್ಲ, ಪುಸ್ತಕಕ್ಕೆ ದುಡ್ಡು ಉಳಿಯಲ್ಲ ಅನ್ನೋ ಭಯ 'ಬೇಡ' ಪಟ್ಟಿಯಲ್ಲಿತ್ತು. (ನಮ್ಮ ಬ್ರಾಂಚ್‌ನವರೇ ಅನ್ಸುತ್ತೆ!) ಆದರೂ 1839ರ ಜನವರಿಯಲ್ಲಿ ಸೋದರಮಾವನ ಮಗಳು ಎಮ್ಮಾಳನ್ನೇ ಮದುವೆಯಾದರು. ಅದೇ ಡಿಸೆಂಬರ್‌ನಲ್ಲಿ ಮೊದಲ ಮಗು.

1842ರಲ್ಲಿ ಲಂಡನ್ನಿನ ಗಲಾಟೆ ಬಿಟ್ಟು ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಗೆ ಹೋದರು. ದಾರಿಹೋಕರಿಗೆ ಮನೆ ಕಾಣಬಾರದು ಅಂತ ಮುಂದಿನ ರಸ್ತೆಯನ್ನೇ ತಗ್ಗಿಸಿ, ಗೋಡೆ ಕಟ್ಟಿಸಿದರು. ಆ ಗೋಡೆ ಹೊರಗಿನವರಿಗೆ ಮಾತ್ರ. ಮಕ್ಕಳು ದಾರ ಬೇಕು, ಕತ್ತರಿ ಬೇಕು ಅಂತ ಅವರ ಓದಿನ ಕೋಣೆಗೆ ನುಗ್ಗುತ್ತಲೇ ಇದ್ದರು. ಹುಷಾರಿಲ್ಲದ ಮಗುವನ್ನು ಅಲ್ಲೇ ಸೋಫಾ ಮೇಲೆ ಹೊದಿಸಿ ಮಲಗಿಸಿ ಅಪ್ಪ ಕೆಲಸ ಮಾಡುತ್ತಿದ್ದರು. ಜಗತ್ತನ್ನೇ ಅಲ್ಲಾಡಿಸಿದ 1859ರ ಪುಸ್ತಕದ ಹಸ್ತಪ್ರತಿಯ ಕೆಲವು ಹಾಳೆಗಳ ಹಿಂದೆ ಮಕ್ಕಳು ಬಿಡಿಸಿದ ಚಿತ್ರಗಳಿವೆ! ಅವರಲ್ಲಿ ಹೊರೇಸ್ ಅನ್ನೋನು ಮುಂದೆ ಇಂಜಿನಿಯರ್ ಆದ.

ಹತ್ತರಲ್ಲಿ ಮೂವರು ಮಕ್ಕಳು ಉಳಿಯಲಿಲ್ಲ. ಹಿರಿಮಗಳು ಆ್ಯನಿಯನ್ನು 1851ರಲ್ಲಿ ಚಿಕಿತ್ಸೆಗೆ ಅಂತ ಮಾಲ್ವರ್ನ್ ಊರಿಗೆ ಕರ್ಕೊಂಡು ಹೋಗಿದ್ದರು. ಎಮ್ಮಾ ತುಂಬು ಗರ್ಭಿಣಿ, ಪ್ರಯಾಣ ಮಾಡೋ ಹಾಗಿರಲಿಲ್ಲ. ಅಪ್ಪ ಮಗಳ ಹಾಸಿಗೆ ಪಕ್ಕ ಕೂತು ಹೆಂಡತಿಗೆ ಕಾಗದ ಬರೆಯುತ್ತಾ ಹೋದರು. ಏಪ್ರಿಲ್ 23ರಂದು ಆ್ಯನಿ ತೀರಿಕೊಂಡಳು. ಹತ್ತೇ ವರ್ಷ. ಅಂತ್ಯಕ್ರಿಯೆಗೂ ನಿಲ್ಲಲಾಗದೆ ಡಾರ್ವಿನ್ ಮನೆಗೆ ಬಂದುಬಿಟ್ಟರು. ಒಂದು ವಾರದ ನಂತರ ಅವಳ ಬಗ್ಗೆ ಕೆಲವು ಪುಟ ಬರೆದಿಟ್ಟರು: ನಡೆಯುವಾಗ ಮುಂದೆ ಓಡಿ ಗಿರಕಿ ಹೊಡೆಯುತ್ತಿದ್ದದ್ದು, ಅರ್ಧ ಗಂಟೆ ಕೂತು ಅಪ್ಪನ ತಲೆಗೂದಲು ಬಾಚುತ್ತಿದ್ದದ್ದು. ಆಮೇಲೆ ಅವಳ ವಿಷಯ ಮಾತಾಡಿದ್ದೇ ಕಮ್ಮಿ.

1858ರ ಜೂನ್ 28ಕ್ಕೆ ಕೊನೆಯ ಕೂಸೂ ಹೋಯಿತು. ಮೂರು ದಿನಕ್ಕೆ ಲಂಡನ್ನಿನಲ್ಲಿ ಅವರ ಮತ್ತು ವಾಲೇಸ್ ಅವರ ಸಿದ್ಧಾಂತ ಓದಿದಾಗ ಡಾರ್ವಿನ್ ಅಲ್ಲಿರಲಿಲ್ಲ.

ಇಂಥ ಮನುಷ್ಯನಿಗೆ ದಿನಾ ನೆಮ್ಮದಿ ಕೊಡುತ್ತಿದ್ದದ್ದು ಕಾದಂಬರಿ. ಬೆಳಗ್ಗೆ ಒಂದೂವರೆ ಗಂಟೆ ಕೆಲಸ, ಆಮೇಲೆ ಕಾದಂಬರಿ. ಮಧ್ಯಾಹ್ನ ಮೂರಕ್ಕೆ ಸೋಫಾ ಮೇಲೆ ಮಲಗಿ ಮತ್ತೆ ಕಾದಂಬರಿ. ಪುಸ್ತಕಕ್ಕೆ ಪೂಜೆ ಗೀಜೆ ಇಲ್ಲ. ದಪ್ಪ ಇದ್ದರೆ, ಹಿಡಿಯೋಕೆ ಭಾರ ಅಂತ ಎರಡು ತುಂಡು ಮಾಡುತ್ತಿದ್ದರು. ವಯಸ್ಸಾದ ಮೇಲೆ ಕವಿತೆ ರುಚಿಸಲಿಲ್ಲ, ಷೇಕ್ಸ್‌ಪಿಯರ್ ಕೂಡ ಬೇಜಾರಾದ. ಕಾದಂಬರಿ ಮಾತ್ರ ಬಿಡಲಿಲ್ಲ. ಅದೂ ಸುಖಾಂತ್ಯವೇ ಇರಬೇಕು. ದುಃಖದಲ್ಲಿ ಮುಗಿಯೋ ಕಾದಂಬರಿಗಳನ್ನು ಕಾನೂನು ಮಾಡಿ ನಿಲ್ಲಿಸಬೇಕು ಅಂತಿದ್ದರು.

ಎಮ್ಮಾ ಗಟ್ಟಿಯಾಗಿ ಓದುತ್ತಿದ್ದಳು. ಕೇಳುತ್ತಾ ಕೇಳುತ್ತಾ ಇವರಿಗೆ ನಿದ್ದೆ ಬರುತ್ತಿತ್ತು. ಎದ್ದ ಮೇಲೆ ಕಥೆ ಎಷ್ಟೋ ಮುಂದೆ ಹೋಗಿರುತ್ತಿತ್ತು, ಅದಕ್ಕೆ ಬೇಜಾರು. ಆದರೆ ಅವಳಿಗೆ ನಿಲ್ಲಿಸೋ ಹಾಗಿರಲಿಲ್ಲ. ದನಿ ನಿಂತರೆ ಎಚ್ಚರ ಆಗಿಬಿಡುತ್ತೆ ಅಂತ, ಮಲಗಿರುವ ಗಂಡನಿಗೆ ಓದುತ್ತಲೇ ಇರುತ್ತಿದ್ದಳು.