ಅರ್ನ್ಸ್ಟ್ ರ್ಯೂಡಿನ್: ವಂಶದ ಲೆಕ್ಕ ತಪ್ಪಿದ ಮನೋವೈದ್ಯ

ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ನಲ್ಲಿ 1874ರಲ್ಲಿ ಜನಿಸಿದ ಅರ್ನ್ಸ್ಟ್ ರ್ಯೂಡಿನ್, ತೀವ್ರ ಮನೋರೋಗಗಳ ಆನುವಂಶಿಕತೆಯನ್ನು ಅಂಕಿಅಂಶಗಳಿಂದ ಅಳೆದ ಮೊದಲಿಗರಲ್ಲೊಬ್ಬರು. ಇಂದು ಸ್ಕಿಜೋಫ್ರೇನಿಯಾ ಎನ್ನಲಾಗುವ ರೋಗವುಳ್ಳವರ ಒಡಹುಟ್ಟಿದವರನ್ನು ಕುರಿತು ಅವರು 1916ರಲ್ಲಿ ಅಧ್ಯಯನ ಪ್ರಕಟಿಸಿದರು. ಬಹುಪಾಲು ಸೋದರ ಸೋದರಿಯರಲ್ಲಿ ಆ ರೋಗವಿರಲಿಲ್ಲ. ಮೆಂಡೆಲನ ಸರಳ ನಿಯಮಕ್ಕೆ ಲೆಕ್ಕ ಹೊಂದಲಿಲ್ಲ.

ಆದರೂ ರೋಗಿಗಳ ಸಂತಾನವನ್ನು ತಡೆಯಬೇಕೆಂಬ ನಂಬಿಕೆಯನ್ನು ಅವರು ಬಿಡಲಿಲ್ಲ. ಹಿಟ್ಲರ್ ಸರಕಾರ 1933ರಲ್ಲಿ ತಂದ ಬಲವಂತದ ಸಂತಾನಶಕ್ತಿ ಹರಣ ಕಾಯ್ದೆಗೆ ವ್ಯಾಖ್ಯಾನ ಬರೆದವರಲ್ಲಿ ಅವರೂ ಒಬ್ಬರು. ಸುಮಾರು 4 ಲಕ್ಷ ಮಂದಿ ಸಂತಾನಭಾಗ್ಯ ಕಳೆದುಕೊಂಡರು. 1945ರಲ್ಲಿ ಸ್ವಿಸ್ ಪೌರತ್ವ ರದ್ದಾದ ರ್ಯೂಡಿನ್ 1952ರಲ್ಲಿ ನಿಧನರಾದರು.

2022ರ ಬೃಹತ್ ಅಧ್ಯಯನವೊಂದು ಸ್ಕಿಜೋಫ್ರೇನಿಯಾ ಅಪಾಯಕ್ಕೆ ಸಂಬಂಧಿಸಿದ 287 ವಂಶವಾಹಿ ತಾಣಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ಇವುಗಳಿಂದ ಯಾವ ಮಗುವಿನ ಭವಿಷ್ಯವನ್ನೂ ಖಚಿತವಾಗಿ ಹೇಳಲಾಗದು.