ಶಾಖವನ್ನು ಪಳಗಿಸಿದ ಸ್ಯಾನ್‌ಫರ್ಡ್ ಮಾಸ್

ಬೆಟ್ಟವನ್ನು ಏರಿದಂತೆಲ್ಲ ಗಾಳಿಯು ವಿರಳವಾಗುತ್ತದೆ. ನಮಗೆ ಏದುಸಿರು ಬರುತ್ತದೆ. ಯಂತ್ರಕ್ಕೂ ಇದೇ ಗತಿ. ಇಂಧನವು ಉರಿಯಲು ಸಾಕಷ್ಟು ಗಾಳಿ ಇಲ್ಲದಿದ್ದರೆ ಎಂಜಿನ್ನಿನ ಬಲವು ಕುಗ್ಗುತ್ತದೆ. ವಿಮಾನಯುಗದ ಆರಂಭದಲ್ಲಿ ವೈಮಾನಿಕರನ್ನು ಕಾಡಿದ ಈ ಕೊರತೆಯನ್ನು ನೀಗಿಸಿದವರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಅಲೆಕ್ಸಾಂಡರ್ ಮಾಸ್ ಪ್ರಮುಖನು.

ಮಾಸ್ 1872ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದನು. ಹದಿನಾರನೆಯ ವಯಸ್ಸಿನಲ್ಲಿಯೇ ಕಾರ್ಖಾನೆಯೊಂದನ್ನು ಸೇರಿ, ಗಾಳಿಯನ್ನು ಒತ್ತುವ ಯಂತ್ರಗಳ ಕೆಲಸವನ್ನು ಕಲಿತನು. ಅನಂತರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಿ, 1903ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿಯನ್ನು ಪಡೆದನು. ಉರಿಯುವ ಅನಿಲದಿಂದ ಚಕ್ರವನ್ನು ತಿರುಗಿಸುವ ಗ್ಯಾಸ್ ಟರ್ಬೈನು ಅವನ ಸಂಶೋಧನೆಯ ವಿಷಯ. ಅದೇ ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿ, ಲಿನ್ ಎಂಬ ಊರಿನಲ್ಲಿ ಪ್ರಯೋಗಗಳನ್ನು ಮುಂದುವರಿಸಿದನು. ಆದರೆ ಸುಟ್ಟ ಇಂಧನಕ್ಕೆ ತಕ್ಕ ಬಲವು ಆ ಯಂತ್ರದಿಂದ ದೊರೆಯಲಿಲ್ಲ. 1907ರಲ್ಲಿ ಕಂಪನಿಯು ಆ ಪ್ರಯತ್ನವನ್ನೇ ಕೈಬಿಟ್ಟಿತು. ಮಾಸ್ ಗಾಳಿಯನ್ನು ಒತ್ತುವ ಯಂತ್ರಗಳ ರಚನೆಗೆ ಮರಳಿದನು.

ಹತ್ತು ವರ್ಷಗಳು ಕಳೆದವು. ಮೊದಲನೆಯ ಮಹಾಯುದ್ಧದಲ್ಲಿ ಎತ್ತರಕ್ಕೆ ಹಾರುವ ವಿಮಾನಗಳು ಬೇಕಾದವು. ಎಂಜಿನ್ ಹೊರಗೆ ಉಗುಳುವ ಬಿಸಿ ಅನಿಲದಿಂದಲೇ ಟರ್ಬೈನನ್ನು ತಿರುಗಿಸಿ, ಅದರ ಬಲದಿಂದ ಗಾಳಿಯನ್ನು ಒತ್ತಿ ಮತ್ತೆ ಎಂಜಿನ್ನಿಗೆ ಊಡುವ ಉಪಾಯಕ್ಕೆ ಸ್ವಿಟ್ಜರ್‌ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲಿಯೇ ಪೇಟೆಂಟ್ ಪಡೆದಿದ್ದನು. 1917ರಲ್ಲಿ ಅಮೆರಿಕದ ವಿಮಾನವಿಜ್ಞಾನ ಸಮಿತಿಯ ಮುಖ್ಯಸ್ಥನಾಗಿದ್ದ ವಿಲಿಯಂ ಡ್ಯೂರಂಡನು ಕಾರ್ನೆಲ್ಲಿನ ಹಳೆಯ ಅಧ್ಯಾಪಕ. ಅವನಿಗೆ ಮಾಸ್‌ನ ನೆನಪಾಯಿತು. ಕೆಲಸವು ಮಾಸ್‌ನ ಪಾಲಿಗೆ ಬಂದಿತು.

1918ರಲ್ಲಿ ಮಾಸ್ ತನ್ನ ಯಂತ್ರವನ್ನು ಲಿಬರ್ಟಿ ಎಂಜಿನ್ನಿಗೆ ಜೋಡಿಸಿ, ಸುಮಾರು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿದನು. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿಯಿದ್ದ ಎಂಜಿನ್ ಶಿಖರದಲ್ಲಿ 230ಕ್ಕೆ ಇಳಿದಿತ್ತು. ಟರ್ಬೈನಿನ ನೆರವಿನಿಂದ ಅದು 356ಕ್ಕೆ ಏರಿತು. 1920ರಲ್ಲಿ ಇಂತಹ ಯಂತ್ರವುಳ್ಳ ವಿಮಾನವೊಂದು 33,000 ಅಡಿಗಳಿಗೂ ಮೇಲೇರಿತು.

ಆದರೂ ನಿಜವಾದ ಶತ್ರು ಉಷ್ಣವೇ ಆಗಿತ್ತು. ಹೊರಬರುವ ಅನಿಲದ ತಾಪಕ್ಕೆ ಚಕ್ರವು ಕೆಂಡದಂತೆ ಕೆಂಪಾಗುತ್ತಿತ್ತು. ಅದನ್ನು ಗೂಡಿನೊಳಗೆ ಮುಚ್ಚಿಟ್ಟರೆ ಸುತ್ತಲಿನ ಇಂಧನದ ಕೊಳವೆ, ತಂತಿ, ಎಣ್ಣೆ ಎಲ್ಲಕ್ಕೂ ಅಪಾಯ. ಹೀಗಾಗಿ ಚಕ್ರದ ಒಂದು ಮುಖವನ್ನು ವಿಮಾನದ ಮೈಯಿಂದ ಹೊರಗೆ ತೆರೆದಿಟ್ಟು, ಬೀಸುವ ತಣ್ಣನೆಯ ಗಾಳಿಗೆ ಒಡ್ಡಿದರು. ಮುಂದೆ ಚಕ್ರದ ಮೇಲೆ ಗಾಳಿಯನ್ನು ಹಾಯಿಸುವ ಮುಚ್ಚಳವೂ, ಒತ್ತಲ್ಪಟ್ಟು ಕಾದ ಗಾಳಿಯನ್ನು ಎಂಜಿನ್ನಿಗೆ ಬಿಡುವ ಮೊದಲು ತಣಿಸುವ ಇಂಟರ್‌ಕೂಲರೂ ಬಳಕೆಗೆ ಬಂದವು. ಕೃತಕ ಹಲ್ಲುಗಳಿಗೆಂದು ಬಳಸುತ್ತಿದ್ದ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹವೇ ಚಕ್ರದ ಅಲಗುಗಳಿಗೆ ಒದಗಿತೆಂದರೆ ನಾವು ಬೆರಗಾಗಬೇಕು!

1938ರಲ್ಲಿ ನಿವೃತ್ತನಾದ ಮಾಸ್‌ನನ್ನು ಕಂಪನಿಯು ಮತ್ತೆ ಕರೆಸಿಕೊಂಡಿತು. 1940ರ ಕೋಲಿಯರ್ ಪಾರಿತೋಷಕವು ಅವನಿಗೂ ಅಮೆರಿಕದ ಸೇನಾ ವಿಮಾನದಳಕ್ಕೂ ಸಂದಿತು. ಈ ಅನುಭವದ ಬಲದಿಂದಲೇ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಜೆಟ್ ಎಂಜಿನ್ನಿನ ಕೆಲಸ ದೊರೆಯಿತು. 1942ರ ಅಕ್ಟೋಬರಿನಲ್ಲಿ ಅಮೆರಿಕದ ಮೊದಲ ಜೆಟ್ ವಿಮಾನವು ಹಾರಿತು. 1907ರಲ್ಲಿ ಮೂಲೆಗೆ ಸೇರಿದ್ದ ಗ್ಯಾಸ್ ಟರ್ಬೈನು ಹೀಗೆ ಆಕಾಶಕ್ಕೇರಿದುದನ್ನು ಕಂಡು, 1946ರಲ್ಲಿ ಮಾಸ್ ಕಾಲವಶನಾದನು.

ವಿದ್ಯಾರ್ಥಿಗಳೇ, ಘಾಟಿಯನ್ನೇರುವ ಇಂದಿನ ಲಾರಿಗಳಲ್ಲಿಯೂ ಇದೇ ತತ್ತ್ವದ ಟರ್ಬೋಚಾರ್ಜರ್ ಉಂಟು. ಅಲ್ಲಿ ಅದು ಎಂಜಿನ್ನಿನ ಗೂಡಿನೊಳಗೇ ಇರುವುದರಿಂದ, ತಗಡಿನ ಮರೆಯನ್ನು ನಡುವೆ ಗಾಳಿಯ ತೆರಪುಬಿಟ್ಟು ಕೂಡಿಸಿ ಅಕ್ಕಪಕ್ಕದ ತಂತಿಗಳನ್ನೂ ರಬ್ಬರ್ ಕೊಳವೆಗಳನ್ನೂ ಕಾಪಾಡುತ್ತಾರೆ. ಉಷ್ಣವನ್ನು ದುಡಿಸಿಕೊಂಡರೆ ಸಾಲದು, ಅದನ್ನು ಅದರ ಎಲ್ಲೆಯಲ್ಲಿಯೂ ಇರಿಸಬೇಕು. ಮಾಸ್‌ನ ಬಾಳಿನಿಂದ ನಾವು ಕಲಿಯಬೇಕಾದ ಪಾಠ ಇನ್ನೊಂದುಂಟು: ಒಮ್ಮೆ ಶ್ರದ್ಧೆಯಿಂದ ಕಲಿತ ವಿದ್ಯೆಯು, ಆ ಹೊತ್ತಿಗೆ ಫಲಿಸದಿದ್ದರೂ, ವ್ಯರ್ಥವಾಗುವುದಿಲ್ಲ.